ಕೆಳಗಿನ ಸಿಲಿಂಡರ್

ದೋಣಿಯ ಮೋಟರ್ ಸತ್ತಿದೆ ಎಂದು ಎಂಜಿನ್ ಮೇಸ್ತ್ರಿ ತೀರ್ಪು ಕೊಟ್ಟದ್ದು ಮಂಗಳವಾರ ಬೆಳಿಗ್ಗೆ. ಆ ಸುದ್ದಿಯನ್ನು ಗಾಳಿಯಕ್ಕನ ಅಂಗಡಿಗೆ ತಂದವಳು ಅವಳ ಅತ್ತಿಗೆ. ಬಟ್ಟೆ ಒಗೆಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಮೊಣಕೈವರೆಗೂ ಸೋಪಿನ ನೊರೆ.

"ನಿಮ್ಮಣ್ಣ ಮೋಟರ್ ಮುಂದೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾರೆ. ಟೀ ಕೊಟ್ರೆ ಲೋಟದ ಕಡೆ ತಿರುಗೂ ನೋಡ್ತಿಲ್ಲ. ನೀನೊಂದ್ಸಲ ಬಾ."

ಗಾಳಿಯಕ್ಕ ಸೈಕಲ್ ಟ್ಯೂಬೊಂದನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಸುತ್ತಲೂ ಒತ್ತಿ ನೋಡುತ್ತಿದ್ದಳು. ಕಣ್ಣೆತ್ತದೆ ಕೇಳಿದಳು, "ನಾನು ಬಂದು ಏನ್ ಮಾಡ್ಲಿ? ಆ ಮೋಟರ್ ನೆರಳಿಗಾದ್ರೂ ನನ್ನನ್ನ ಸೇರಿಸ್ತಾನಾ ಅವನು?"

ಅವಳು ಹಾಗೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹನ್ನೊಂದು ವರ್ಷದವಳಿದ್ದಾಗ ಒಂದು ಮಧ್ಯಾಹ್ನ, ಅಣ್ಣ ಊಟಕ್ಕೆ ಹೋದ ಹೊತ್ತಿನಲ್ಲಿ, ಅದೇ ಮೋಟರಿನ ಕಾರ್ಬುರೇಟರ್ ಬಿಚ್ಚಿ ಅದರ ಹಿತ್ತಾಳೆಯ ಸೂಜಿಯನ್ನು ಹಲಗೆಗಳ ಸಂದಿಯಿಂದ ಹೊಳೆಗೆ ಬೀಳಿಸಿದ್ದಳು. ನಲವತ್ತು ವರ್ಷವಾಯಿತು. ಆ ಕತೆಯನ್ನು ಅಣ್ಣ ಈಗಲೂ ದೋಣಿ ಹತ್ತಿದವರಿಗೆಲ್ಲ ಹೇಳುತ್ತಾನೆ. ಕೇಳಿದವರು ನಗುತ್ತಾರೆ. ಸೂಜಿ ಬಿದ್ದ ಮೇಲೆ ತಂಗಿ ಏನಾದಳು ಎಂದು ಯಾರೂ ಕೇಳುವುದಿಲ್ಲ.

ತಂಗಿ ಪಂಕ್ಚರ್ ಅಂಗಡಿ ಇಟ್ಟಳು. ಇಪ್ಪತ್ತೆಂಟು ವರ್ಷದಿಂದ ಸೈಕಲ್ಲು, ಕೈಗಾಡಿ, ಸ್ಕೂಟರು, ಆಸ್ಪತ್ರೆಯ ಗಾಲಿಕುರ್ಚಿ, ಶಾಲೆಯ ಫುಟ್‌ಬಾಲು, ಯಾವುದರಲ್ಲಿ ಗಾಳಿ ನಿಲ್ಲುವುದಿಲ್ಲವೋ ಅದೆಲ್ಲ ಅವಳ ಅಂಗಡಿಗೆ ಬರುತ್ತದೆ. ಬೀದಿಯವರು ಗಾಳಿಯಕ್ಕ ಎಂದು ಕರೆದರು, ಅದೇ ನಿಂತಿತು. ಗಾಳಿ ಬಿಡಿಸುವವರು ಬೇರೆ ಕಡೆ ಇದ್ದಾರೆ, ಗಾಳಿ ಹಿಡಿಸುವವಳು ನಮ್ಮಲ್ಲೇ ಇದ್ದಾಳೆ ಎಂದು ಎದುರಿನ ಕ್ಷೌರಿಕ ದಿನಕ್ಕೊಮ್ಮೆಯಾದರೂ ಹೇಳಿ ತಾನೇ ನಗುತ್ತಾನೆ.

ತೊಟ್ಟಿಯಲ್ಲಿ ಸಣ್ಣದೊಂದು ಗುಳ್ಳೆ ಎದ್ದಿತು. ಗಾಳಿಯಕ್ಕ ಆ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಟ್ಯೂಬನ್ನು ಮೊಳೆಗೆ ತೂಗುಹಾಕಿ, ಕೈ ಒರೆಸಿಕೊಂಡು ಅತ್ತಿಗೆಯ ಹಿಂದೆ ಹೊರಟಳು.

ಅಣ್ಣನ ಶೆಡ್ಡು ಮನೆಯ ಹಿಂದೆ, ಹೊಳೆಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲಿತ್ತು. ಮರದ ಸ್ಟ್ಯಾಂಡಿನ ಮೇಲೆ ಮೋಟರನ್ನು ನಿಲ್ಲಿಸಿ, ಪ್ರೊಪೆಲ್ಲರಿರುವ ಅದರ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟಿದ್ದರು. ಎರಡು ಸಿಲಿಂಡರಿನ ಹಳೆಯ ಮೋಟರ್ ಅದು, ಒಂದರ ಮೇಲೊಂದು. ಅಣ್ಣನಿಗಿಂತ ಮೂರು ವರ್ಷ ಹಿರಿಯದು. ಅದನ್ನು ತಯಾರಿಸಿದ ಕಂಪನಿಯೇ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಮನೆಯವರೆಲ್ಲ ಅದನ್ನು ಮುದುಕ ಎನ್ನುತ್ತಿದ್ದರು. ಮುದುಕನ ಬಲದಿಂದಲೇ ಅಣ್ಣ ಮೂವತ್ತೈದು ವರ್ಷ ಆ ದಡದ ನರ್ಸುಗಳನ್ನು, ದರ್ಜಿಗಳನ್ನು, ತರಕಾರಿ ಚೀಲಗಳನ್ನು ಈ ದಡಕ್ಕೆ ತಂದು ಇಳಿಸಿದ್ದ.

ಆದರೆ ಎರಡು ತಿಂಗಳಿಂದ ಮುದುಕ ಸೊರಗಿದ್ದ. ಸೆಳವಿಗೆ ಎದುರಾಗಿ ಹೋಗಬೇಕಾದರೆ ದೋಣಿ ನಿಂತಲ್ಲೇ ನಿಂತಂತೆ. ಶನಿವಾರ ಹತ್ತು ಗಂಟೆಗೆ ದೋಣಿ ದಾಟಿಸುವ ಕಡವಿನ ಪರವಾನಗಿಯ ಪರೀಕ್ಷೆ ಬೇರೆ: ಎಂಟು ಜನರನ್ನು ಕೂರಿಸಿಕೊಂಡು, ಸೇತುವೆಯ ಕೊನೆಯ ಕಂಬದವರೆಗೆ ಸೆಳವಿಗೆ ಎದುರಾಗಿ ಹೋಗಿ, ಇಪ್ಪತ್ತೈದು ನಿಮಿಷದೊಳಗೆ ವಾಪಸು ಬರಬೇಕು. ಆಗದಿದ್ದರೆ ಕಡವು ಬೇರೆಯವರ ಪಾಲು. ಎರಡು ದೊಡ್ಡ ದೋಣಿಗಳ ಹೊಸ ಕಂಪನಿಯೊಂದು ಆಗಲೇ ಅರ್ಜಿ ಹಾಕಿ ಕಾಯುತ್ತಿತ್ತು.

"ಮೇಸ್ತ್ರಿ ಏನಂದ?" ಎಂದಳು ಗಾಳಿಯಕ್ಕ.

ಅತ್ತಿಗೆಯೇ ಹೇಳಿದಳು. ಮೇಸ್ತ್ರಿ ಪ್ಲಗ್ ಬಿಚ್ಚಿ ಒತ್ತಡ ಅಳೆಯುವ ಮೀಟರ್ ಹಾಕಿ ಹಗ್ಗ ಎಳೆದು ನೋಡಿದನಂತೆ. ಮೇಲಿನ ಸಿಲಿಂಡರಿನಲ್ಲಿ ತೊಂಬತ್ತು, ಕೆಳಗಿನದರಲ್ಲಿ ನಲವತ್ತು. ಕಂಪ್ರೆಶನ್ ಇಲ್ಲ, ರಿಂಗ್ ಸವೆದಿದೆ, ಸಿಲಿಂಡರಿನ ಗೋಡೆ ತಿಂದುಹೋಗಿದೆ, ಈ ಕಾಲದಲ್ಲಿ ಇದಕ್ಕೆ ಪಿಸ್ಟನ್ ಎಲ್ಲಿಂದ ತರೋದು, ನೆನಪಿಗೆ ಒಂದು ಮೂಲೇಲಿ ಇಟ್ಕೋ ಅಂದನಂತೆ.

ಬೆಂಚಿನ ಮೇಲೆ ಎರಡು ಸ್ಪಾರ್ಕ್ ಪ್ಲಗ್ಗುಗಳು ಬಟ್ಟೆಯ ಮೇಲೆ ಬಿದ್ದಿದ್ದವು. ಗಾಳಿಯಕ್ಕ ಎರಡನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದರ ಮೂತಿ ಇರಬೇಕಾದಂತೆ ಕಂದು ಬಣ್ಣಕ್ಕಿತ್ತು. ಇನ್ನೊಂದರ ಮೂತಿ ತೊಳೆದಿಟ್ಟಂತೆ ಬೆಳ್ಳಗಿತ್ತು. ಅಂಚಿನಲ್ಲಿ ತುಕ್ಕಿನ ಒಂದು ಗೆರೆ.

"ಈ ಬೆಳ್ಳಗಿರೋದು ಕೆಳಗಿನ ಸಿಲಿಂಡರಿನದಾ?"

"ಹೌದು. ಅಲ್ಲಿಡು ಅದನ್ನ," ಎಂದ ಅಣ್ಣ.

"ರಿಂಗ್ ಸವೆದಿದ್ರೆ ಪ್ಲಗ್ ಎಣ್ಣೆಮಸಿ ಮೆತ್ಕೊಂಡಿರಬೇಕಲ್ವಾ? ಇದು ಸ್ನಾನ ಮಾಡಿ ಬಂದಂಗಿದೆ."

"ಮೇಸ್ತ್ರಿಗಿಂತ ನಿನಗೆ ಹೆಚ್ಚು ಗೊತ್ತಾ? ನೀನು ಟ್ಯೂಬ್ ನೋಡ್ಕೋ. ಒಂದ್ಸಲ ಕೈ ಹಾಕಿದ್ದು ಸಾಕು."

ಅತ್ತಿಗೆ ಅಷ್ಟು ಹೊತ್ತು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಗಂಡನ ಮಾತಿಗೆ ಎದುರಾಡುವುದು ಅವಳಿಗೆ ಹೊಸದಲ್ಲ, ಆದರೆ ಮೋಟರಿನ ವಿಷಯದಲ್ಲಿ ಎಂದೂ ಬಾಯಿ ಹಾಕಿದವಳಲ್ಲ.

"ಅಲ್ಲ ರೀ, ಸತ್ತಿದೆ ಅಂತ ನೀವೇ ಹೇಳ್ತಿದ್ದೀರಿ. ಸತ್ತದ್ದಕ್ಕೆ ಇವಳು ಇನ್ನೇನು ಮಾಡಿಬಿಡ್ತಾಳೆ? ಎರಡನೇ ಸಲ ಸಾಯಿಸ್ತಾಳಾ?"

ಅಣ್ಣ ಎದ್ದು ಮೆಟ್ಟಿಲಿಳಿದು ಹೊಳೆಯ ಕಡೆ ಹೋದ. ಅದನ್ನೇ ಒಪ್ಪಿಗೆ ಎಂದುಕೊಂಡು ಗಾಳಿಯಕ್ಕ ಸೀದಾ ಮೇಸ್ತ್ರಿಯ ವರ್ಕ್‌ಶಾಪಿಗೆ ನಡೆದಳು.

ಮೇಸ್ತ್ರಿ ಕೆಟ್ಟವನಲ್ಲ. ಆ ದಂಡೆಯಲ್ಲಿ ಅವನಷ್ಟು ಎಂಜಿನ್ ಕಂಡವರಿಲ್ಲ, ಮತ್ತು ಅದು ಅವನಿಗೂ ಗೊತ್ತಿತ್ತು. ಮೀಟರ್ ಕೇಳಿದಾಗ ಮೀಸೆಯಲ್ಲೇ ನಕ್ಕ.

"ತಗೊಂಡು ಹೋಗು. ಎಷ್ಟು ಸಲ ನೋಡಿದ್ರೂ ನಲವತ್ತೇ. ಮೀಟರ್ ಸುಳ್ಳು ಹೇಳಲ್ಲ ತಾಯಿ."

"ಸುಳ್ಳು ಹೇಳಲ್ಲ," ಎಂದಳು ಗಾಳಿಯಕ್ಕ. "ಎಲ್ಲಾನೂ ಹೇಳೋದೂ ಇಲ್ಲ."

ಮಧ್ಯಾಹ್ನ ಶೆಡ್ಡಿನಲ್ಲಿ ಅವಳು ಹಗ್ಗ ಎಳೆದು ನೋಡಿದಾಗ ಮೀಟರಿನ ಮುಳ್ಳು ನಲವತ್ತಕ್ಕೇ ಬಂದು ನಿಂತಿತು. ಆಮೇಲೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು, ಮೋಟರಿನ ನೆತ್ತಿಯ ಫ್ಲೈವೀಲ್ ಚಕ್ರವನ್ನು ಎರಡು ಸುತ್ತು ತಿರುಗಿಸಿ, ಮತ್ತೆ ಎಳೆದಳು. ರಿಂಗ್ ಸವೆದಿದ್ದರೆ ಎಣ್ಣೆ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದಿಯನ್ನು ಸ್ವಲ್ಪ ಹೊತ್ತಾದರೂ ಮುಚ್ಚುತ್ತದೆ, ಮುಳ್ಳು ಮೇಲೆ ನೆಗೆಯುತ್ತದೆ. ಮುಳ್ಳು ನಲವತ್ತೆರಡಕ್ಕೆ ಬಂದು ನಿಂತಿತು. ಮತ್ತೊಮ್ಮೆ ಎಳೆದಳು. ನಲವತ್ತೆರಡೇ.

"ರಿಂಗ್ ಅಲ್ಲ," ಎಂದಳು ತನ್ನಷ್ಟಕ್ಕೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಿದ್ದಾರೆ."

ಹಾಗಾದರೆ ಗಾಳಿ ಎಲ್ಲಿಂದ ಹೋಗುತ್ತಿದೆ? ಮೀಟರು, ಪಿಸ್ಟನ್ನು ಎಲ್ಲ ಮೇಸ್ತ್ರಿಯ ವಿದ್ಯೆ ಇರಬಹುದು. ಗಾಳಿ ಎಲ್ಲಿಂದ ಹೋಗುತ್ತಿದೆ ಎನ್ನುವುದು ಮಾತ್ರ ಅವಳ ಸ್ವಂತ ಪ್ರಶ್ನೆ. ದಿನಕ್ಕೆ ಇಪ್ಪತ್ತು ಸಲ, ಇಪ್ಪತ್ತೆಂಟು ವರ್ಷದಿಂದ ಕೇಳಿಕೊಂಡು ಬಂದದ್ದು. ಗಾಳಿಯಕ್ಕನಿಗೆ ಇದ್ದಕ್ಕಿದ್ದಂತೆ ಧೈರ್ಯ ಬಂತು. ಮುದುಕನ ಮುಂದೆ ನಿಂತಾಗಲೆಲ್ಲ ಹನ್ನೊಂದು ವರ್ಷದವಳಾಗಿಬಿಡುತ್ತಿದ್ದವಳು ಈಗ ತನ್ನ ಅಂಗಡಿಯಲ್ಲೇ ನಿಂತಂತೆ ಸೊಂಟಕ್ಕೆ ಕೈಯಿಟ್ಟು ನಿಂತಳು.

ಬುಧವಾರ ಬೆಳಿಗ್ಗೆ ಅವಳು ಒಂದು ಹಳೆಯ ಪ್ಲಗ್ಗಿನ ಪಿಂಗಾಣಿಯನ್ನು ಒಡೆದು ತೆಗೆದು, ಅದರ ಹೊಟ್ಟೆಗೆ ಸೈಕಲ್ ಟ್ಯೂಬಿನ ವಾಲ್ವನ್ನು ಕೂರಿಸಿ ಬೆಸೆದಳು. ಅದನ್ನು ಕಿಸೆಯಲ್ಲಿಟ್ಟುಕೊಂಡು, ಕಾಲಿನ ಪಂಪನ್ನು ಹೆಗಲಿಗೇರಿಸಿ ಶೆಡ್ಡಿಗೆ ಬಂದಾಗ ಅಣ್ಣ ಸ್ಟೂಲಿನ ಮೇಲೆ ಕೂತಿದ್ದ. ಪಂಪನ್ನು ನೋಡಿ ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮುದುಕನಿಗೆ ಗಾಳಿ ತುಂಬ್ತೀಯಾ?"

"ತುಂಬ್ತೀನಿ. ನೀನು ಬಂದು ಫ್ಲೈವೀಲ್ ಹಿಡ್ಕೋ. ಪಿಸ್ಟನ್ ತುದೀಲಿದೆ, ಕೆಳಗೆ ಜಾರಬಾರದು. ಗಟ್ಟಿಯಾಗಿ ಹಿಡ್ಕೋಬೇಕು, ನನ್ನ ಕೈಲಿ ಆಗಲ್ಲ."

ಆಗಲ್ಲ ಎಂದದ್ದಕ್ಕೋ ಏನೋ, ಅಣ್ಣ ಎದ್ದು ಬಂದ. ಎಂಜಿನ್ನಿನ ಮೈಯನ್ನು ತಣ್ಣಗಿಡಲು ಹೊಳೆಯ ನೀರು ಅದರೊಳಗೆ ಸುತ್ತಿ ಬರುವ ದಾರಿಯೊಂದಿರುತ್ತದೆ. ಆ ದಾರಿಯ ಮೇಲಿನ ಬಾಯಿಗೆ ಗಾಳಿಯಕ್ಕ ಒಂದು ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಗಾಜಿನ ಲೋಟದ ನೀರಿನಲ್ಲಿ ಅದ್ದಿದಳು. ಲೋಟವನ್ನು ಅತ್ತಿಗೆಯ ಕೈಗೆ ಕೊಟ್ಟಳು.

ಮೊದಲು ಮೇಲಿನ ಸಿಲಿಂಡರ್. ಪಂಪು ಒತ್ತಿದಳು. ಅಣ್ಣನ ತೋಳು ಬಿಗಿಯಿತು. ಕಾರ್ಬುರೇಟರಿನ ಬಾಯಲ್ಲಿ ಸಣ್ಣಗೆ ಉಸ್ಸೆಂದಿತು, ವಯಸ್ಸಾದ ಎಂಜಿನ್ನಿಗೆ ಅಷ್ಟು ಸಹಜ. ಲೋಟದ ನೀರು ಅಲುಗಲಿಲ್ಲ.

ಆಮೇಲೆ ಕೆಳಗಿನದು. ಒಂದು ಒತ್ತು, ಎರಡು ಒತ್ತು. ಮೂರನೆಯದಕ್ಕೆ ಲೋಟದಲ್ಲಿ ಬುಳಕ್ ಎಂದಿತು. ನಾಲ್ಕನೆಯದಕ್ಕೆ ನೀರು ಕುದಿಯತೊಡಗಿದಂತೆ ಗುಳ್ಳೆಗಳ ಸಾಲು ಎದ್ದು ಅತ್ತಿಗೆಯ ಮೂಗಿಗೇ ಹನಿ ಚಿಮ್ಮಿತು.

"ಅಯ್ಯೋ, ಬಂತು! ಬಂತು!" ಎಂದು ಅತ್ತಿಗೆ ಕೂಗಿದ ರಭಸಕ್ಕೆ ಅಣ್ಣ ಫ್ಲೈವೀಲನ್ನೇ ಬಿಟ್ಟ.

ಗಾಳಿಯಕ್ಕ ಪಂಪಿನ ಮೇಲೆ ಕಾಲಿಟ್ಟುಕೊಂಡೇ ಬಿಡಿಸಿ ಹೇಳಿದಳು. ಸಿಲಿಂಡರಿನ ಗಾಳಿ ನೀರಿನ ದಾರಿಗೆ ನುಗ್ಗುತ್ತಿದೆ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಇರುವ ತೆಳು ಹಾಳೆ, ಗ್ಯಾಸ್ಕೆಟ್, ಸುಟ್ಟಿದೆ. ಅದೇ ಸಂದಿಯಿಂದ ನೀರು ಒಳಗೆ ಬಂದು ಪ್ಲಗ್ಗನ್ನು ತೊಳೆದಿದೆ. "ಪಂಕ್ಚರ್ ಕಣೋ ಅಣ್ಣ. ಬರೀ ಪಂಕ್ಚರ್."

ಅಣ್ಣ ಲೋಟವನ್ನು ಅತ್ತಿಗೆಯಿಂದ ತೆಗೆದುಕೊಂಡು ಅದರೊಳಗೆ ನೋಡಿದ. "ಇನ್ನೊಂದ್ಸಲ ಮಾಡು," ಎಂದ. ಅವಳು ಮಾಡಿದಳು. "ಇನ್ನೊಂದ್ಸಲ," ಎಂದ. ಐದು ಸಲ ಮಾಡಿಸಿದ ಮೇಲೆ ಲೋಟ ಕೆಳಗಿಟ್ಟು, ಆರಿಹೋಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದ.

ಗುರುವಾರ ಆ ತಲೆಯನ್ನು, ಹೆಡ್ಡನ್ನು, ಹಿಡಿದಿಟ್ಟ ಬೋಲ್ಟುಗಳ ದಿನ. ಒಟ್ಟು ಹತ್ತು. ಅರವತ್ತು ವರ್ಷ ನೀರು ಕುಡಿದು ಅಲ್ಯೂಮಿನಿಯಮ್ಮಿಗೆ ಅಂಟಿಕೊಂಡು ಕೂತ ಬೋಲ್ಟುಗಳು. ಒಂದು ಮುರಿದರೂ ಕತೆ ಮುಗಿದಂತೆ. ಗಾಳಿಯಕ್ಕ ಒಂದೊಂದರ ಬುಡಕ್ಕೂ ಎಣ್ಣೆ ಬಿಟ್ಟು, ಬ್ಲೋಲ್ಯಾಂಪಿನಿಂದ ಸುತ್ತಲೂ ಬಿಸಿ ಮಾಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಂದು ಕೂದಲಷ್ಟು ಬಿಗಿಮಾಡಿ, ಎರಡು ಕೂದಲಷ್ಟು ಸಡಿಲಿಸಿ, ಹಟಮಾರಿ ಮಗುವನ್ನು ಪುಸಲಾಯಿಸುವಂತೆ ಹೊರತೆಗೆದಳು. ಸಂಜೆಯ ಹೊತ್ತಿಗೆ ಒಂಬತ್ತು ಬಂದವು. ಹತ್ತನೆಯದು ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಕೊಡಿಲ್ಲಿ," ಎಂದು ಅಣ್ಣ ಉದ್ದದ ಪೈಪನ್ನು ಸ್ಪ್ಯಾನರಿಗೆ ಏರಿಸಲು ಬಂದ. "ಒಂದು ಎಳೆತಕ್ಕೆ ಬರುತ್ತೆ."

"ಒಂದು ಎಳೆತಕ್ಕೆ ಮುರಿಯುತ್ತೆ! ಮುಟ್ಟಬೇಡ!"

ಆ ಮೋಟರಿನ ಮುಂದೆ ಅಣ್ಣನಿಗೆ ಮುಟ್ಟಬೇಡ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಗಾಳಿಯಕ್ಕನಿಗೇ ತನ್ನ ದನಿ ಕೇಳಿ ಗಾಬರಿಯಾಯಿತು. ಅಣ್ಣನ ಕಿವಿ ಕೆಂಪಾಯಿತು. ಪೈಪನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

"ನಾಡಿದ್ದು ಪರೀಕ್ಷೆ ಇದೆ," ಎಂದ ಸಣ್ಣ ದನಿಯಲ್ಲಿ.

"ಬೇಯೋವರೆಗೂ ಕಾದಿದ್ದೀಯ, ಆರೋವರೆಗೂ ಕಾಯಿ," ಎಂದಳು ಅವಳು. ಬೋಲ್ಟಿನ ಸುತ್ತ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ, ಬಾಗಿಲೆಳೆದುಕೊಂಡು ಮನೆಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಹತ್ತನೆಯ ಬೋಲ್ಟು ಕಿರ್ ಎಂದು ಕಿರುಚಿಕೊಂಡು ತಿರುಗಿತು. ಅಷ್ಟು ಹಿತವಾದ ಕಿರುಚಾಟವನ್ನು ಅವರು ಮೂವರೂ ಕೇಳಿರಲಿಲ್ಲ.

ಹೆಡ್ಡು ಕೈಗೆ ಬಂತು. ಗ್ಯಾಸ್ಕೆಟ್ಟಿನಲ್ಲಿ ಕೆಳಗಿನ ಸಿಲಿಂಡರಿಗೂ ನೀರಿನ ದಾರಿಗೂ ನಡುವೆ, ಸಣ್ಣ ಬೆರಳಗಲದ ಜಾಗದಲ್ಲಿ, ಕಪ್ಪಗೆ ಸುಟ್ಟು ತೂತಾಗಿತ್ತು. ಗಾಳಿಯಕ್ಕ ತೋರುಬೆರಳಿನ ಉಗುರನ್ನು ಸಿಲಿಂಡರಿನ ಗೋಡೆಯ ಮೇಲೆ ಮೇಲಿಂದ ಕೆಳಕ್ಕೆ ಎಳೆದಳು. ಎಲ್ಲೂ ತಡೆಯಲಿಲ್ಲ; ಕನ್ನಡಿಯಂತೆ ನುಣುಪು. "ನೀನೂ ನೋಡು," ಎಂದಳು. ಅಣ್ಣ ತನ್ನ ಒರಟು ಬೆರಳನ್ನು ಒಳಗಿಟ್ಟು ಎಳೆದ. ಅವನ ಕಣ್ಣು ಒದ್ದೆಯಾಯಿತು.

ಗ್ಯಾಸ್ಕೆಟ್ ಸುಟ್ಟದ್ದಕ್ಕೆ ಕಾರಣವೂ ಸಿಕ್ಕಿತು: ಹೆಡ್ಡು ಬಿಸಿಗೆ ಒಂದು ಕೂದಲಷ್ಟು ಸೊಟ್ಟಗಾಗಿತ್ತು. ಅತ್ತಿಗೆ ಅಡುಗೆಮನೆಯ ಶೆಲ್ಫಿನ ದಪ್ಪ ಗಾಜನ್ನು, ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ, ತಂದುಕೊಟ್ಟಳು. ಅದರ ಮೇಲೆ ಎಮರಿ ಕಾಗದ ಹಾಸಿ, ಹೆಡ್ಡಿನ ಮುಖಕ್ಕೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದು, ಎಂಟರ ಆಕಾರದಲ್ಲಿ ಉಜ್ಜತೊಡಗಿದರು. ಉಬ್ಬಿದ ಕಡೆ ಗೆರೆ ಬೇಗ ಅಳಿಯುತ್ತದೆ, ತಗ್ಗಿದ ಕಡೆ ಉಳಿಯುತ್ತದೆ. ಕೊನೆಯ ಗೆರೆ ಅಳಿಯುವವರೆಗೆ ಉಜ್ಜಬೇಕು. ಗಾಳಿಯಕ್ಕ ಸುಸ್ತಾದಾಗ ಅಣ್ಣ, ಅಣ್ಣ ಸುಸ್ತಾದಾಗ ಅತ್ತಿಗೆ. ಉಜ್ಜುತ್ತಾ ಅತ್ತಿಗೆ, "ಈ ಮನೇಲಿ ಪಾತ್ರೆ ಉಜ್ಜಿದ್ದು ಸಾಲದು ಅಂತ ಇದೊಂದು," ಎಂದು ಗೊಣಗಿದಳು, ಆದರೆ ತನ್ನ ಸರದಿಯನ್ನು ಬಿಟ್ಟುಕೊಡಲಿಲ್ಲ.

ಹೊಸ ಗ್ಯಾಸ್ಕೆಟ್ಟನ್ನು ಗಾಳಿಯಕ್ಕ ತಾಮ್ರದ ತಗಡಿನಲ್ಲಿ ಕತ್ತರಿಸಿದಳು. ಹಳೆಯದನ್ನೇ ಅಚ್ಚಾಗಿಟ್ಟು, ಅಂಚನ್ನು ಅರದಿಂದ ತೀಡಿ, ಕೆಂಪಗೆ ಕಾಯಿಸಿ ಮೆತ್ತಗಾಗಿಸಿ, ಎರಡೂ ಬದಿಗೆ ತೆಳ್ಳಗೆ ಬಣ್ಣ ಬಳಿದು ಕೂರಿಸಿದಳು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ ಬಿಗಿದಳು. ಮತ್ತೆ ಮೀಟರ್ ಸಿಕ್ಕಿಸಿ, "ಎಳಿ," ಎಂದಳು ಅಣ್ಣನಿಗೆ.

ಮೇಲಿನದು ತೊಂಬತ್ತೆರಡು. ಆಮೇಲೆ ಕೆಳಗಿನದಕ್ಕೆ ಮೀಟರ್ ಹಾಕಿದಳು. ಮುಳ್ಳು ಐವತ್ತು ದಾಟಿತು, ಎಪ್ಪತ್ತು ದಾಟಿತು, ತೊಂಬತ್ತೊಂದಕ್ಕೆ ಬಂದು ನಿಂತಿತು.

ಪ್ಲಗ್ ಹಾಕಿ ಹಗ್ಗ ಎಳೆದರೆ ಮುದುಕ ಮೂರನೆಯ ಎಳೆತಕ್ಕೆ ಹತ್ತಿಕೊಂಡ. ಡ್ರಮ್ಮಿನ ನೀರು ಉಕ್ಕಿ ಮೂವರ ಕಾಲನ್ನೂ ತೋಯಿಸಿತು. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಮೈ ತಣ್ಣಗಾಗಲು ಬಿಟ್ಟು, ಗಾಳಿಯಕ್ಕ ಹತ್ತೂ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದಳು.

ಶನಿವಾರ ಕಡವಿನಲ್ಲಿ ಜನ ನೆರೆದಿದ್ದರು. ಮೋಟರ್ ಸತ್ತ ಸುದ್ದಿ ಎಲ್ಲರಿಗೂ ಮುಟ್ಟಿತ್ತು, ಬದುಕಿದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮೇಸ್ತ್ರಿಯೂ ಬಂದು ಕಟ್ಟೆಯ ತುದಿಯಲ್ಲಿ ಕೈ ಕಟ್ಟಿ ನಿಂತಿದ್ದ. ಪರವಾನಗಿಯ ಇನ್ಸ್‌ಪೆಕ್ಟರ್ ತೆಳ್ಳಗಿನ ಮನುಷ್ಯ, ಕೊರಳಲ್ಲಿ ಗಡಿಯಾರ ತೂಗುಹಾಕಿಕೊಂಡು ಬಂದಿದ್ದ. ಎಂಟು ಜನರಲ್ಲಿ ತಾನೂ ಒಬ್ಬನಾಗಿ ಹತ್ತಿ ಕೂತ. ಗಾಳಿಯಕ್ಕ ಮೋಟರಿನ ಪಕ್ಕದಲ್ಲೇ ಕೂತಳು.

"ಶುರು," ಎಂದ ಇನ್ಸ್‌ಪೆಕ್ಟರ್.

ದೋಣಿ ದಡ ಬಿಟ್ಟಿತು. ನಡುಹೊಳೆಗೆ ಬಂದು ಸೆಳವಿಗೆ ಮುಖ ಮಾಡಿದಾಗ ವೇಗ ಇಳಿಯಿತು. ಸೇತುವೆಯ ಕಂಬಗಳು ಹತ್ತಿರ ಬರುತ್ತಲೇ ಇರಲಿಲ್ಲ. ಎಂಟು ನಿಮಿಷವಾಗಿ ಇನ್ನೂ ಅರ್ಧ ದಾರಿ ಆಗಿರಲಿಲ್ಲ. ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಳಿಯಕ್ಕ ಕಣ್ಣು ಮುಚ್ಚಿ ಶಬ್ದ ಕೇಳಿದಳು. ಎರಡು ಸಿಲಿಂಡರೂ ಸಮವಾಗಿ ಮಿಡಿಯುತ್ತಿದ್ದವು, ಎಲ್ಲೂ ಎಡವುತ್ತಿರಲಿಲ್ಲ. ಕಣ್ಣು ಬಿಟ್ಟು ಅಣ್ಣನ ಕೈ ನೋಡಿದಳು. ಕಾಯಿಲೆಯವನನ್ನು ನಡೆಸಿಕೊಂಡು ಹೋಗುವವನಂತೆ ಅವನು ಥ್ರಾಟಲನ್ನು ಅರ್ಧಕ್ಕೇ ಹಿಡಿದಿದ್ದ. ಎರಡು ತಿಂಗಳ ಭಯ ಆ ಕೈಯಲ್ಲಿ ಕೂತುಬಿಟ್ಟಿತ್ತು.

"ಪೂರ್ತಿ ಕೊಡು," ಎಂದಳು.

"ಒಡೆದ್ರೆ?"

"ಒಡೆಯಲ್ಲ. ನಾನು ಬಿಗಿದಿದ್ದೀನಿ. ಕೊಡೋ!"

ಅಣ್ಣ ಅವಳ ಮುಖ ನೋಡಿದ. ಆಮೇಲೆ ಹಲ್ಲು ಕಚ್ಚಿ ಥ್ರಾಟಲನ್ನು ಕೊನೆಯವರೆಗೆ ತಿರುಗಿಸಿದ.

ಮುದುಕ ಗರ್ಜಿಸಿದ. ದೋಣಿಯ ಮೂತಿ ಮೇಲೆದ್ದಿತು, ಹಿಂದೆ ಕೂತಿದ್ದ ನರ್ಸಿನ ಛತ್ರಿ ಹಾರಿಹೋಯಿತು, ಇನ್ಸ್‌ಪೆಕ್ಟರ್ ಒಂದು ಕೈಯಲ್ಲಿ ಅಂಚನ್ನೂ ಇನ್ನೊಂದರಲ್ಲಿ ಗಡಿಯಾರವನ್ನೂ ಹಿಡಿದುಕೊಂಡ. ಸೆಳವು ಎರಡು ಹೋಳಾಗಿ ಇಕ್ಕೆಲಕ್ಕೂ ಬಿಳಿ ನೊರೆ ಎಬ್ಬಿಸಿ ಸರಿಯಿತು. ಕಂಬ ಬಂದೇಬಿಟ್ಟಿತು. ಅದನ್ನು ಸುತ್ತು ಹಾಕಿ ತಿರುಗಿದಾಗ ಅಣ್ಣ ಜೋರಾಗಿ ನಗುತ್ತಿದ್ದ. ಏನು ಹೇಳುತ್ತಿದ್ದನೋ, ಮೋಟರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ದಡದವರು ಕೂಗುವುದು ಮಾತ್ರ ದೂರದಿಂದಲೇ ಕೇಳಿಸುತ್ತಿತ್ತು, ಅದರಲ್ಲಿ ಅತ್ತಿಗೆಯ ದನಿ ಎಲ್ಲರಿಗಿಂತ ಮೇಲೆ.

"ಹತ್ತೊಂಬತ್ತು ನಿಮಿಷ," ಎಂದ ಇನ್ಸ್‌ಪೆಕ್ಟರ್ ಕಟ್ಟೆಗೆ ಇಳಿದು. ತೋಯ್ದ ಕನ್ನಡಕ ಒರೆಸಿಕೊಂಡು ಕಾಗದದ ಮೇಲೆ ಮೊಹರು ಒತ್ತಿದ. "ಮೊದಲೇ ಹೀಗೆ ಬಿಟ್ಟಿದ್ರೆ ಇನ್ನೂ ಬೇಗ ಬರ್ತಿದ್ರಿ."

ಮೇಸ್ತ್ರಿ ದೋಣಿಗೆ ಇಳಿದು ಬಂದ. ಪ್ಲಗ್ ಬಿಚ್ಚಿ, ಹಿಂದಿರುಗಿಸಲೆಂದು ಅವಳು ತಂದಿದ್ದ ತನ್ನದೇ ಮೀಟರನ್ನು ಸಿಕ್ಕಿಸಿ ಎಳೆದು ನೋಡಿದ. ಮುಳ್ಳನ್ನು ಬಹಳ ಹೊತ್ತು ನೋಡಿದ.

"ನಲವತ್ತು ನೋಡಿದೆ, ಅಲ್ಲೇ ನಿಂತುಬಿಟ್ಟೆ," ಎಂದ. "ಎಲ್ಲಿಂದ ಹೋಗ್ತಿದೆ ಅಂತ ಹುಡುಕಲಿಲ್ಲ. ನನ್ನದೇ ತಪ್ಪು." ಎಲ್ಲರೆದುರಿಗೆ ಅಷ್ಟು ಹೇಳಲು ಅವನಿಗೆ ಕಷ್ಟವಾಯಿತು, ಆದರೂ ಹೇಳಿದ. ಆಮೇಲೆ ದನಿ ತಗ್ಗಿಸಿ, "ವಾಲ್ವ್ ಬೆಸೆದ ಪ್ಲಗ್ ಒಂದಿದೆ ಅಂತ ನಿಮ್ಮತ್ತಿಗೆ ಈಗ ಹೇಳಿದ್ರು, ಒಂದು ದಿನದ ಮಟ್ಟಿಗೆ ಕೊಡ್ತೀಯಾ? ವರ್ಕ್‌ಶಾಪಲ್ಲಿ ಎರಡು ಪಂಪ್‌ಸೆಟ್ಟಿಗೆ ನಾನೇ ಸಾವಿನ ಚೀಟಿ ಬರೆದಿಟ್ಟಿದ್ದೀನಿ."

"ಪ್ಲಗ್ ಕೊಡಲ್ಲ," ಎಂದಳು ಗಾಳಿಯಕ್ಕ. ಮೇಸ್ತ್ರಿಯ ಮುಖ ಪೆಚ್ಚಾಯಿತು. "ನಾನೇ ಬರ್ತೀನಿ. ಸೋಮವಾರ."

ಜನ ಚದುರಿದ ಮೇಲೆ ಅಣ್ಣ ದೋಣಿಯ ಅಂಚಿನಲ್ಲಿ ಕೂತು ಪರವಾನಗಿಯನ್ನು ಮೂರನೆಯ ಸಲ ಓದುತ್ತಿದ್ದ. ಗಾಳಿಯಕ್ಕ ಕೇಳಿದಳು, "ಒಂದು ಸುತ್ತು ಹೋಗಿಬರ್ಲಾ?"

"ನೀನಾ? ಒಬ್ಬಳೇನಾ?"

"ಒಬ್ಬಳೇ ಯಾಕೆ," ಎಂದು ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ದೋಣಿಗೆ ಕಾಲಿಟ್ಟಳು. "ಮೂವತ್ತು ವರ್ಷದಿಂದ ಈ ದೋಣಿಗೆ ಊಟ ಕಟ್ಟಿ ಕಳಿಸಿದ್ದೀನಿ. ಒಂದು ದಿನ ಸುಮ್ಮನೆ ಕೂತು ಹೋಗಿಲ್ಲ. ನೀವು ಇಳೀರಿ."

ಅಣ್ಣ ಇಳಿದ. ಹಗ್ಗ ಬಿಚ್ಚಿ ಕೈಯಿಂದಲೇ ದೋಣಿಯನ್ನು ನೀರಿಗೆ ನೂಕಿದ. ಗಾಳಿಯಕ್ಕ ಒಂದೇ ಎಳೆತಕ್ಕೆ ಮೋಟರ್ ಹತ್ತಿಸಿ, ಥ್ರಾಟಲನ್ನು ಪೂರ್ತಿ ತಿರುಗಿಸಿ, ಸೇತುವೆಯ ಕಡೆಗಲ್ಲ, ಹೊಳೆ ಅಗಲವಾಗಿ ಬಿಸಿಲಿಗೆ ತೆರೆದುಕೊಳ್ಳುವ ಕಡೆಗೆ ದೋಣಿ ತಿರುಗಿಸಿದಳು. "ಇನ್ನೂ ಜೋರಾಗಿ!" ಎಂದು ಅತ್ತಿಗೆ ಕೂಗಿದಳು.